ಪಿನ್ನು ಅಲ್ಲಾಡುತ್ತಿಲ್ಲವೆ?

ಹಳೆಯ ಡಿ-80 ಬುಲ್ಡೋಜರ್ ಕೊಂಡ ಓದುಗರೊಬ್ಬರು ಬ್ಲೇಡ್ ಸಿಲಿಂಡರಿನ ಪಿನ್ನಿಗೆ ಎರಡು ದಿನ ಸುತ್ತಿಗೆಯಲ್ಲಿ ಬಡಿದಿದ್ದಾರೆ. ಪಿನ್ನು ಮಿಸುಕಿಲ್ಲ, ಬದಲಿಗೆ ಅದರ ತುದಿ ಅಣಬೆಯಂತೆ ಅರಳಿದೆ. ಇನ್ನದು ತೂತಿನೊಳಗೆ ಹೋಗುವುದೇ ಇಲ್ಲ. ಮೊದಲು ಅದನ್ನು ಗ್ರೈಂಡರಿನಲ್ಲಿ ಸವರಬೇಕು.

ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಗ್ರೀಸ್ ಕಾಣದ ಸಂದಿಯಲ್ಲಿ ಅದು ಬೆಣೆಯಾಗಿ ಕೂತಿರುತ್ತದೆ.

ಬ್ಲೇಡನ್ನು ಗಟ್ಟಿ ಮರದ ದಿಮ್ಮಿಗಳ ಮೇಲೆ ಇಳಿಸಿ, ಪಿನ್ನಿನ ಮೇಲಿನ ಭಾರ ತಪ್ಪಿಸಬೇಕು. ಅರ್ಧ ಜಗಳ ಇಲ್ಲೇ ಮುಗಿಯುತ್ತದೆ! ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಲಿ. ಆಮೇಲೆ ಗ್ಯಾಸ್ ಜ್ವಾಲೆ. ಆದರೆ ಕಾಯಿಸಬೇಕಾದದ್ದು ಪಿನ್ನನ್ನಲ್ಲ, ಅದನ್ನು ಹಿಡಿದಿರುವ ಸುತ್ತಿನ ಲೋಹವನ್ನು. 80 ಮಿ.ಮೀ. ತೂತು 150 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಬಿಸಿಯಾದರೆ ಸುಮಾರು 0.14 ಮಿ.ಮೀ. ಹಿಗ್ಗುತ್ತದೆ; ಅಷ್ಟು ಬಿಡುವು ಸಿಕ್ಕರೆ ಸಾಕು. ಗ್ರೀಸ್ ನಿಪ್ಪಲ್ ಮೊದಲೇ ಬಿಚ್ಚಿರಬೇಕು, ಒಳಗೆ ಸಿಕ್ಕಿಬಿದ್ದ ಗ್ರೀಸ್ ಕುದಿದು ಸಿಡಿಯಬಹುದು. ಹತ್ತಿರದ ಸೀಲು, ಹೋಸುಗಳಿಗೆ ಬಿಸಿ ತಾಗಬಾರದು.

ಬಿಸಿಯಿರುವಾಗಲೇ ಹೈಡ್ರಾಲಿಕ್ ಜಾಕಿನಿಂದ ಒತ್ತಡ ಕೊಡುತ್ತಾ ಪಕ್ಕದ ಲೋಹಕ್ಕೆ ತಟ್ಟಬೇಕು. ಗಡಸು ಉಕ್ಕಿಗೆ ಗಡಸು ಸುತ್ತಿಗೆ ಬಿದ್ದರೆ ಚೂರು ಗುಂಡಿನಂತೆ ಹಾರುತ್ತದೆ, ಕನ್ನಡಕ ತೆಗೆಯುವಂತಿಲ್ಲ. ಅದಕ್ಕೂ ಬಗ್ಗದಿದ್ದರೆ ಪಿನ್ನಿನ ನಡುವೆ ಗ್ಯಾಸಿನಿಂದ ತೂತು ಕೊರೆಸಿ ತಣಿಯಲು ಬಿಡಬೇಕು. ಕುಗ್ಗಿದ ಪಿನ್ನು ಹೆಚ್ಚಾಗಿ ಹಿಡಿತ ಸಡಿಲಿಸುತ್ತದೆ. ಹೊಸ ಪಿನ್ನಿನ ಖರ್ಚು ಲೆಕ್ಕಕ್ಕೆ ಸೇರಿಸಿಕೊಳ್ಳಲಿ, ಹಳೆಯದಂತೂ ಗುಜರಿಗೆ.