ಶಾಲೆಯ ಪುಟದ ಕೀಲಿ ಯಾರ ಕೈಲಿದೆ?

ವರ್ಗಾವಣೆಯಾದ ಮುಖ್ಯ ಶಿಕ್ಷಕರು ಹೊರಡುವ ಮುನ್ನ ಚಾರ್ಜ್ ಕೊಡುತ್ತಾರೆ. ದಾಖಲಾತಿ ವಹಿ, ನಗದು ಪುಸ್ತಕ, ಬಿಸಿಯೂಟದ ಪಾತ್ರೆ, ಬೀರುವಿನ ಕೀಲಿ, ಕೊನೆಗೆ ಮುರಿದ ಬೆಂಚಿನ ಲೆಕ್ಕವೂ ಪಟ್ಟಿಯಲ್ಲಿರುತ್ತದೆ. ಶಾಲೆಯ ಫೇಸ್‌ಬುಕ್ ಪುಟದ ಕೀಲಿ ಮಾತ್ರ ಅವರ ಸ್ವಂತ ಮೊಬೈಲಿನಲ್ಲೇ ಹೊರಟುಹೋಗುತ್ತದೆ. ಹೊಸಬರು ಬಂದು ಹೊಸ ಪುಟ ತೆರೆಯುತ್ತಾರೆ. ಹಳೆಯದು ಯಾವುದೋ ಗಣರಾಜ್ಯೋತ್ಸವದ ಫೋಟೊದಲ್ಲಿ ನಿಂತುಬಿಟ್ಟಿರುತ್ತದೆ.

ಜಾಲತಾಣದ ಪುಟವೂ ಶಾಲೆಯ ವಹಿಗಳಲ್ಲಿ ಒಂದು ಎಂದುಕೊಂಡರೆ ಅರ್ಧ ಗೊಂದಲ ತಾನಾಗಿ ಕಳೆಯುತ್ತದೆ. ವಹಿಯಲ್ಲಿ ಯಾರು ಬರೆಯಬೇಕು, ಏನು ಬರೆಯಬಾರದು ಎಂಬುದು ಹೆಡ್‌ಮಾಸ್ತರರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಅದೇ ಶಿಸ್ತನ್ನು ಇಲ್ಲಿಗೂ ತರುವುದು ಹೀಗೆ.

1. ಸ್ವಂತದ್ದು, ಶಾಲೆಯದ್ದು ಬೇರೆ ಮಾಡಿ

ಶಾಲೆಯ ಹೆಸರಿನಲ್ಲಿ ಒಂದು ಇಮೇಲ್, ಒಂದು ಸಿಮ್ ಇರಲಿ. ಫೇಸ್‌ಬುಕ್‌ನಲ್ಲಿ ಶಾಲೆಗೆ ಪ್ರೊಫೈಲ್ ಬೇಡ, ‘ಪೇಜ್’ ಮಾಡಿ. ನಿಮ್ಮ ಜೊತೆ ಮತ್ತೊಬ್ಬ ಶಿಕ್ಷಕರನ್ನೂ ಅದಕ್ಕೆ ಅಡ್ಮಿನ್ ಮಾಡಿ. ವಾಟ್ಸ್‌ಆ್ಯಪ್‌ನಲ್ಲಿ ಆರು ಅಂಕಿಯ ಪಿನ್ ಇಟ್ಟು ಎರಡು ಹಂತದ ಪರಿಶೀಲನೆ ಹಾಕಿಕೊಳ್ಳಿ. ಯಾರಾದರೂ ಓಟಿಪಿ ಕೇಳಿದರೆ, ಪರಿಚಯದವರೇ ಆದರೂ, ಕೊಡಬೇಡಿ.

ಸರ್ಕಾರಿ ಶಾಲೆಯವರು ಇನ್ನೊಂದು ನೆನಪಿಡಬೇಕು. ಕರ್ನಾಟಕ ರಾಜ್ಯ ಸಿವಿಲ್ ಸೇವಾ (ನಡತೆ) ನಿಯಮಗಳು, 2021 ಶಾಲೆ ಬಿಟ್ಟ ಮೇಲೂ ನಿಮ್ಮ ಜೊತೆಗೇ ಇರುತ್ತವೆ. ‘ಇದು ನನ್ನ ಸ್ವಂತ ಅಭಿಪ್ರಾಯ’ ಎಂದು ಕೆಳಗೆ ಬರೆದುಕೊಂಡ ಮಾತ್ರಕ್ಕೆ ಚುನಾವಣೆ ಕಾಲದ ರಾಜಕೀಯ ಪೋಸ್ಟ್ ಮಾಫಿಯಾಗುವುದಿಲ್ಲ.

2. ಎಲ್ಲ ಕಡೆ ಇರಬೇಕಾಗಿಲ್ಲ

ಪೋಷಕರು ಇರುವುದು ವಾಟ್ಸ್‌ಆ್ಯಪ್‌ನಲ್ಲಿ. ಊರು ಬಿಟ್ಟುಹೋದ ಹಳೆ ವಿದ್ಯಾರ್ಥಿಗಳು, ದಾನಿಗಳು ಸಿಗುವುದು ಹೆಚ್ಚಾಗಿ ಫೇಸ್‌ಬುಕ್‌ನಲ್ಲಿ. ಇವೆರಡನ್ನು ಸರಿಯಾಗಿ ನಡೆಸಿದರೆ ಸಾಕು. ಯೂಟ್ಯೂಬ್ ಚಾನೆಲ್ ತೆರೆಯುವ ಮುನ್ನ, ಮೂರನೇ ತಿಂಗಳೂ ವಿಡಿಯೊ ಹಾಕುವವರು ಯಾರೆಂದು ಕೇಳಿಕೊಳ್ಳಿ.

3. ಗ್ರೂಪಿಗೆ ಬೇಲಿ ಹಾಕಿ

ಪೋಷಕರ ಗ್ರೂಪಿನಲ್ಲಿ ಬೆಳಿಗ್ಗೆ ಹೂವಿನ ಶುಭೋದಯ, ಮಧ್ಯಾಹ್ನ ಸೈಟ್ ಮಾರಾಟ, ರಾತ್ರಿ ರಾಜಕೀಯ. ನಡುವೆ ‘ನಾಳೆ ಶಾಲೆಗೆ ರಜೆ’ ಎಂಬ ಸಂದೇಶ ಕಳೆದುಹೋಗುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ, ಅಡ್ಮಿನ್‌ಗಳು ಮಾತ್ರ ಸಂದೇಶ ಹಾಕುವಂತೆ ಬದಲಿಸಿ. ಗ್ರೂಪಿನಲ್ಲಿ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ. ತಾಯಂದಿರಿಗೆ ಅದು ಕಿರಿಕಿರಿಯಾದರೆ ವಾಟ್ಸ್‌ಆ್ಯಪ್ ಚಾನೆಲ್ ಒಳ್ಳೆಯದು, ಅಲ್ಲಿ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣದು.

ಓದು ಬಾರದ ಪೋಷಕರಿಗಾಗಿ ಮುಖ್ಯ ಸೂಚನೆಯನ್ನು ಅರ್ಧ ನಿಮಿಷದ ಧ್ವನಿ ಸಂದೇಶವಾಗಿಯೂ ಹಾಕಿ, ಊರಿನ ಮಾತಿನಲ್ಲೇ. ಸ್ಮಾರ್ಟ್‌ಫೋನ್ ಇಲ್ಲದ ಮನೆಗಳಿಗೆ ಮಕ್ಕಳ ಡೈರಿಯೇ ದಾರಿ. ಮಕ್ಕಳೊಂದಿಗೆ ಶಿಕ್ಷಕರು ಖಾಸಗಿಯಾಗಿ ಚಾಟ್ ಮಾಡುವಂತಿಲ್ಲ ಎಂಬ ನಿಯಮ ನಿಮ್ಮಿಂದಲೇ ಶುರುವಾಗಲಿ.

4. ಫೋಟೊ ಹಾಕುವ ಮುನ್ನ

ಹೆಚ್ಚು ಎಡವುವುದು ಇಲ್ಲಿಯೇ. ನೋಟ್‌ಬುಕ್ ವಿತರಣೆಯ ಫೋಟೊ ನೆನಪಿಸಿಕೊಳ್ಳಿ: ಒಂದು ನೋಟ್‌ಬುಕ್ಕಿಗೆ ಎಂಟು ಜನ ಕೈ ಹಚ್ಚಿ ನಿಂತಿದ್ದಾರೆ, ಎಲ್ಲರೂ ಕ್ಯಾಮೆರಾ ನೋಡುತ್ತಿದ್ದಾರೆ, ಮಧ್ಯದ ಹುಡುಗಿ ನೆಲ ನೋಡುತ್ತಿದ್ದಾಳೆ. ‘ಬಡ ವಿದ್ಯಾರ್ಥಿನಿಗೆ ನೆರವು’ ಎಂಬ ಸಾಲಿನ ಜೊತೆ ಅವಳ ಹೆಸರು, ತರಗತಿ. ಹತ್ತು ವರ್ಷದ ಮೇಲೂ ಅದು ಹುಡುಕಿದರೆ ಸಿಗುತ್ತದೆ. ದಾನಿಗೆ ಕೃತಜ್ಞತೆ ಹೇಳಲೇಬೇಕು. ಜೋಡಿಸಿಟ್ಟ ನೋಟ್‌ಬುಕ್‌ಗಳ ಪಕ್ಕ ದಾನಿ ನಿಂತ ಚಿತ್ರ ಆ ಕೆಲಸ ಮಾಡುತ್ತದೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ; ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ ಅದು. ದಾಖಲಾತಿ ಸಮಯದಲ್ಲೇ ಒಂದು ಹಾಳೆಯಲ್ಲಿ ‘ಒಪ್ಪಿದ್ದೇನೆ / ಒಪ್ಪಿಲ್ಲ’ ಎಂದು ಸಹಿ ಪಡೆದಿಟ್ಟುಕೊಳ್ಳಿ. ದೌರ್ಜನ್ಯಕ್ಕೆ ಒಳಗಾದ ಅಥವಾ ಕಾನೂನಿನ ತೊಡಕಿಗೆ ಸಿಕ್ಕ ಮಗುವಿನ ಗುರುತು ಹೊರಗೆಡಹುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ನಿಷೇಧಿಸುತ್ತದೆ. ಅಲ್ಲಿ ಶಾಲೆಯ ಹೆಸರೂ ಗುರುತೇ.

ಈ ನಾಲ್ಕು ಯಾವತ್ತೂ ಬೇಡ:
• ವಿದ್ಯಾರ್ಥಿವೇತನದ ಪಟ್ಟಿ (ಜಾತಿ, ಖಾತೆ ಸಂಖ್ಯೆ ಅದರಲ್ಲೇ ಇರುತ್ತದೆ)
• ಇಡೀ ತರಗತಿಯ ಅಂಕಪಟ್ಟಿ
• ಶಿಕ್ಷೆ ಅನುಭವಿಸುತ್ತಿರುವ, ಅಳುತ್ತಿರುವ ಮಗು
• ಮುಖ, ಪೂರ್ತಿ ಹೆಸರು, ಮನೆ ಇರುವ ಜಾಗ ಮೂರೂ ಒಟ್ಟಿಗೆ

5. ವಾರಕ್ಕೊಂದು, ಆದರೆ ಹುರುಳಿರಲಿ

‘ನಮ್ಮ ಶಾಲೆಯಲ್ಲಿ ವಿಜ್ಞಾನ ದಿನವನ್ನು ಅದ್ಧೂರಿಯಾಗಿ ಆಚರಿಸಲಾಯಿತು’ ಎಂಬ ಸಾಲು ಯಾವ ಶಾಲೆಗೂ ಹೊಂದುತ್ತದೆ. ಬದಲಿಗೆ: ‘ಕೈತೋಟದ ಬಸಳೆ ಇವತ್ತು ಬಿಸಿಯೂಟದ ಸಾಂಬಾರಿಗೆ ಬಿತ್ತು. ಎಷ್ಟು ಕೆ.ಜಿ. ಎಂದು ತೂಗಿ ಬರೆದಿಟ್ಟವರು ಆರನೇ ತರಗತಿಯವರು.’ ಜೊತೆಗೆ ತಕ್ಕಡಿ ಹಿಡಿದ ಕೈಗಳ ಚಿತ್ರ. ಮುಖವೂ ಬೇಕಾಗಲಿಲ್ಲ, ಪಾಠವೂ ಕಂಡಿತು. ಮೇ ಕೊನೆಯಲ್ಲಿ ದಾಖಲಾತಿಗೆ ಬೇಕಾದ ಕಾಗದಪತ್ರ, ನವೆಂಬರಿನಲ್ಲಿ ಮಕ್ಕಳ ದಿನಾಚರಣೆ, ಪರೀಕ್ಷೆಗೆ ಮುಂಚೆ ವೇಳಾಪಟ್ಟಿ: ಹೀಗೆ ವರ್ಷದ ಪಟ್ಟಿಯನ್ನು ಜೂನ್‌ನಲ್ಲೇ ಮಾಡಿಕೊಳ್ಳಿ.

6. ದೂರು ಬಂದಾಗ

ರಾತ್ರಿ ಹತ್ತಕ್ಕೆ ಪುಟದಲ್ಲಿ ಒಬ್ಬ ಪೋಷಕರು ‘ಇವತ್ತಿನ ಊಟದಲ್ಲಿ ಹುಳ’ ಎಂದು ಬರೆದಿದ್ದಾರೆ. ಅಳಿಸಬೇಡಿ, ವಾದಿಸಬೇಡಿ, ಅಳಿಸಿದ್ದರ ಸ್ಕ್ರೀನ್‌ಶಾಟ್ ಬೇಗ ಊರು ಸುತ್ತುತ್ತದೆ. ಸ್ಕ್ರೀನ್‌ಶಾಟನ್ನು ನೀವೂ ತೆಗೆದಿಟ್ಟುಕೊಂಡು ಇಷ್ಟು ಬರೆಯಿರಿ: ‘ತಿಳಿಸಿದ್ದು ಒಳ್ಳೆಯದಾಯಿತು. ನಾಳೆ ಬೆಳಿಗ್ಗೆ ದಾಸ್ತಾನು ಪರಿಶೀಲಿಸುತ್ತೇವೆ. ತಾವೂ ಒಂಬತ್ತೂವರೆಗೆ ಬನ್ನಿ, ಜೊತೆಗೆ ನೋಡೋಣ.’ ಯಾವ ಮಗುವಿಗಾದರೂ ತೊಂದರೆಯಾಗಿದೆಯೇ ಎಂದು ಆ ರಾತ್ರಿಯೇ ಫೋನಿನಲ್ಲಿ ವಿಚಾರಿಸಿಕೊಳ್ಳಿ. ಮರುದಿನ ಎಸ್‌ಡಿಎಂಸಿ ಸದಸ್ಯರ ಮುಂದೆ ಅಕ್ಕಿ, ಬೇಳೆ ನೋಡಿ, ಕಂಡದ್ದನ್ನು ಅದೇ ದೂರಿನ ಕೆಳಗೆ ಬರೆಯಿರಿ. ಮಗುವಿನ ಸುರಕ್ಷತೆಯ ವಿಷಯವಾದರೆ ಕಾಮೆಂಟಿನಲ್ಲಿ ಚರ್ಚೆಯೇ ಬೇಡ. ಮಕ್ಕಳ ಸಹಾಯವಾಣಿ 1098, ಪೊಲೀಸರು ಮತ್ತು ಮೇಲಧಿಕಾರಿಗಳಿಗೆ ನೇರವಾಗಿ ತಿಳಿಸಿ.

ಈ ಶನಿವಾರ ಮಕ್ಕಳು ಹೋದ ಮೇಲೆ ಅರ್ಧ ಗಂಟೆ ಕೂತು ಗ್ರೂಪಿನ ಸೆಟ್ಟಿಂಗ್ ಬದಲಿಸಿ, ಎರಡನೇ ಅಡ್ಮಿನ್ ಹಾಕಿ. ಆಮೇಲೆ ಚಾರ್ಜ್ ಪಟ್ಟಿಯಲ್ಲಿ ಬೀರುವಿನ ಕೀಲಿಯ ಕೆಳಗೆ ಮೂರು ಸಾಲು ಸೇರಿಸಿ: ಶಾಲೆಯ ಸಿಮ್, ಇಮೇಲ್, ಫೇಸ್‌ಬುಕ್ ಪುಟದ ಅಡ್ಮಿನ್‌ಗಳ ಹೆಸರು. ನಿಮ್ಮ ವರ್ಗಾವಣೆಯ ದಿನ ಅಲ್ಲಿ ಸಹಿಯೊಂದೇ ಬಾಕಿ.