ಸಾಕುನಾಯಿಯನ್ನು ದಿನನಿತ್ಯದ ಅಪಾಯಗಳಿಂದ ಕಾಪಾಡುವುದು

ನಾಯಕನಹಟ್ಟಿ ಸುತ್ತಮುತ್ತ ಮಳೆ ಕಡಿಮೆ. ಶೇಂಗಾ ಬೆಳೆಯ ಜೊತೆಗೆ ಕುರಿ ಸಾಕಣೆಯೂ ಇಲ್ಲಿನ ರೈತರಿಗೆ ಆಧಾರ. ರೊಪ್ಪದಲ್ಲಿ ಕೂಡಿದ ಕುರಿಗಳನ್ನು ರಾತ್ರಿಯಿಡೀ ಕಾಯುವ ನಾಯಿ ಮನೆಯ ಒಬ್ಬ ಆಳಿಗೆ ಸಮ. ಅಂತಹ ನಾಯಿ ಸತ್ತರೆ ಇನ್ನೊಂದನ್ನು ಬೆಳೆಸಿ ಕಾವಲಿಗೆ ರೂಢಿ ಮಾಡಿಸಲು ವರ್ಷವಾದರೂ ಬೇಕು. ಇದರ ಪ್ರಾಣಕ್ಕೆ ಅಪಾಯ ತರುವ ಹಲವು ವಸ್ತುಗಳು ಮನೆಯ ಮೂಲೆ, ಕಣ ಮತ್ತು ಹೊಲದ ಬದುಗಳಲ್ಲೇ ಇರುತ್ತವೆ. ಅವನ್ನು ಅಲ್ಲಿ ಇಡುವವರು ಮನೆಯವರೇ ಆದ್ದರಿಂದ, ತಪ್ಪಿಸುವುದೂ ಅವರ ಕೈಯಲ್ಲೇ ಇದೆ.

ಇಲಿ ಪಾಷಾಣ ಮತ್ತು ಕೀಟನಾಶಕ

ಇಲಿಗಳಿಗೆ ಇಡುವ ಜಿಂಕ್ ಫಾಸ್ಫೈಡ್ ಹೊಟ್ಟೆಯೊಳಗಿನ ಆಮ್ಲದೊಡನೆ ಸೇರಿ ಫಾಸ್ಫೀನ್ ಎಂಬ ವಿಷಾನಿಲವಾಗುತ್ತದೆ. ಎಣ್ಣೆ ಬೆರೆಸಿದ ಕಾಳಿನ ವಾಸನೆಗೆ ನಾಯಿಯೂ ಬರುತ್ತದೆ. ಆದ್ದರಿಂದ ವಿಷದ ತಿನಿಸನ್ನು ಬಯಲಿನಲ್ಲಿ ಚೆಲ್ಲದೆ, ಇಲಿ ಓಡಾಡುವ ಬಿಲದೊಳಗಿಟ್ಟು ಬಾಯಿ ಮುಚ್ಚಬೇಕು. ಸತ್ತ ಇಲಿಗಳನ್ನು ಆಳವಾಗಿ ಹೂಳಬೇಕು. ಆ ದಿನಗಳಲ್ಲಿ ನಾಯಿಯನ್ನು ಕಟ್ಟಿಹಾಕುವುದು ಒಳ್ಳೆಯದು.

ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕ ಸೇವಿಸಿದ ನಾಯಿ ಜೊಲ್ಲು ಸುರಿಸುತ್ತದೆ, ಮೈ ನಡುಗುತ್ತದೆ, ಕಣ್ಣಿನ ಪಾಪೆ ಕಿರಿದಾಗುತ್ತದೆ. ಸಿಂಪರಣೆಗೆ ಬಳಸಿದ ಬಕೆಟ್ಟಿನಲ್ಲಿ ನಾಯಿಗೆ ನೀರಿಡಬಾರದು. ವಿಷೋಪಚಾರ ಮಾಡಿದ ಬಿತ್ತನೆ ಬೀಜ ಉಳಿದರೆ ಅದನ್ನು ಬೀಗವಿರುವ ಕಡೆ ಇಡಬೇಕು. ಗೊಬ್ಬರಕ್ಕೆಂದು ತಂದ ಹರಳು ಹಿಂಡಿಯೂ ನಾಯಿಗೆ ವಿಷವೇ. ಅದರ ಚೀಲವನ್ನು ಬಿಚ್ಚಿಡಬಾರದು.

ಈರುಳ್ಳಿ ಮತ್ತು ಬೂಸ್ಟು ಹಿಡಿದ ಶೇಂಗಾ

ಮನುಷ್ಯನಿಗೆ ಹಿತವಾದ ಈರುಳ್ಳಿ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತದೆ. ದೇಹತೂಕದ ಪ್ರತಿ ಕಿ.ಗ್ರಾಂ.ಗೆ 15ರಿಂದ 30 ಗ್ರಾಂ ಈರುಳ್ಳಿ ಸಾಕು. ಎಂದರೆ 15 ಕಿ.ಗ್ರಾಂ. ತೂಗುವ ನಾಯಿಗೆ ಸುಮಾರು ಕಾಲು ಕಿ.ಗ್ರಾಂ. ಇದಕ್ಕಿಂತ ಕಡಿಮೆಯಾದರೂ ದಿನವೂ ತಿಂದರೆ ಹಾನಿಯೇ. ಬೇಯಿಸಿದರೆ ಈ ದೋಷ ಹೋಗುವುದಿಲ್ಲ. ಈರುಳ್ಳಿ ಹೆಚ್ಚಾಗಿರುವ ಸಾರು, ಪಲ್ಯ ಬೆರೆಸಿದ ಮುದ್ದೆಯನ್ನು ನಾಯಿಗೆ ಹಾಕಬಾರದು. ತಿಂದ ಕೆಲವು ದಿನಗಳ ಮೇಲೆ ನಾಯಿ ಸುಸ್ತಾಗಿ, ಒಸಡು ಬಿಳಿಚಿ, ಮೂತ್ರ ಕೆಂಪಗೆ ಅಥವಾ ಕಪ್ಪಗೆ ಹೋದರೆ ಇದನ್ನು ಶಂಕಿಸಬೇಕು.

ನೆನೆದ ಶೇಂಗಾದಲ್ಲಿ ಬೆಳೆಯುವ ಒಂದು ಬಗೆಯ ಶಿಲೀಂಧ್ರ ಅಫ್ಲಾಟಾಕ್ಸಿನ್ ಎಂಬ ವಿಷವನ್ನುಂಟುಮಾಡಿ ಯಕೃತ್ತನ್ನು ಕೆಡಿಸುತ್ತದೆ. 1974ರಲ್ಲಿ ಗುಜರಾತಿನ ಪಂಚಮಹಲ್ ಮತ್ತು ರಾಜಸ್ಥಾನದ ಬಾಂಸ್‌ವಾಡಾ ಜಿಲ್ಲೆಗಳಲ್ಲಿ ಬೂಸ್ಟು ಹಿಡಿದ ಮುಸುಕಿನ ಜೋಳ ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಅದೇ ಆಹಾರ ತಿಂದ ಮನೆಯ ನಾಯಿಗಳಿಗೂ ಕಾಮಾಲೆಯಾಗಿ, ಹೊಟ್ಟೆಯಲ್ಲಿ ನೀರು ತುಂಬಿತ್ತು. 'ಕೆಟ್ಟದ್ದು ನಾಯಿಗಾದರೂ ಆಗಲಿ' ಎಂಬ ಮಾತು ಎಷ್ಟು ತಪ್ಪೆಂಬುದಕ್ಕೆ ಇದೇ ಸಾಕ್ಷಿ. ಈ ವಿಷ ಹುರಿದರೂ ಬೇಯಿಸಿದರೂ ಪೂರ್ತಿ ನಾಶವಾಗದು. ಅಲುಗಿಸಿದರೆ ಗಲಗಲ ಎನ್ನುವಂತೆ ಕಾಯಿ ಒಣಗಿಸಿ ಚೀಲ ತುಂಬಬೇಕು. ಬೂಸ್ಟು ಹಿಡಿದುದನ್ನು ನಾಯಿಗೂ ಕುರಿಗೂ ಹಾಕದೆ ನಾಶಮಾಡಬೇಕು.

ಬೇಸಿಗೆಯ ಝಳ

ನಾಯಿ ಮೈ ಬೆವರಿ ತಣ್ಣಗಾಗುವ ಪ್ರಾಣಿಯಲ್ಲ. ಏದುಸಿರಿನಿಂದಲೇ ಅದು ಶಾಖ ಕಳೆದುಕೊಳ್ಳಬೇಕು. ಏಪ್ರಿಲ್–ಮೇ ತಿಂಗಳಲ್ಲಿ ತಗಡಿನ ಕೆಳಗೆ ಅಥವಾ ನೆರಳಿಲ್ಲದ ಗೂಟಕ್ಕೆ ಕಟ್ಟಿದ ನಾಯಿ ಕೆಲವೇ ಗಂಟೆಗಳಲ್ಲಿ ಸಾಯಬಹುದು. ಬೇವಿನ ನೆರಳಿನಲ್ಲಿ, ನೆರಳು ಸರಿದಂತೆ ತಾನೂ ಸರಿಯುವಷ್ಟು ಉದ್ದದ ಹಗ್ಗದಿಂದ ಕಟ್ಟಿ, ಉರುಳದ ಮಣ್ಣಿನ ಬಾನಿಯಲ್ಲಿ ನೀರಿಡಬೇಕು. ಝಳ ತಗುಲಿ ಬಿದ್ದರೆ ಮೈಗೆಲ್ಲ ಸಾಮಾನ್ಯ ನೀರು ಸುರಿದು ಗಾಳಿ ಬೀಸಬೇಕು.

ಹುಚ್ಚುನಾಯಿ ರೋಗ

ಈ ರೋಗದ ಚಿಹ್ನೆಗಳು ಕಾಣಿಸಿಕೊಂಡ ಮೇಲೆ ನಾಯಿಯಾಗಲಿ ಮನುಷ್ಯನಾಗಲಿ ಬದುಕುವುದು ಬಹುತೇಕ ಅಸಾಧ್ಯ. ಮರಿಗೆ 3 ತಿಂಗಳಾದಾಗ ಮೊದಲ ಲಸಿಕೆ, ಅನಂತರ ಪಶುವೈದ್ಯರು ಹೇಳಿದಂತೆ ಮುಂದಿನ ಲಸಿಕೆಗಳನ್ನು ತಪ್ಪದೆ ಹಾಕಿಸಬೇಕು. ಲಸಿಕೆ ಹಾಕಿಸಿದ ನಾಯಿಯನ್ನು ಬೀದಿನಾಯಿ ಕಚ್ಚಿದರೂ ಕೂಡಲೇ ಪಶುವೈದ್ಯರಿಗೆ ತೋರಿಸಬೇಕು. ಮಕ್ಕಳನ್ನು ಯಾವ ನಾಯಿ ಕಚ್ಚಿದರೂ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಸುಣ್ಣ, ಖಾರ, ಸೊಪ್ಪಿನ ರಸ ಹಚ್ಚುತ್ತ ಕಾಲ ಕಳೆಯಬಾರದು.

ವಿಷ ತಿಂದಾಗ ಮಾಡಬೇಕಾದದ್ದು

1. ಉಳಿದ ವಿಷವನ್ನು ನಾಯಿಗೆ ಸಿಗದಂತೆ ತೆಗೆಯಬೇಕು. ಮೈಮೇಲೆ ಔಷಧಿ ಬಿದ್ದಿದ್ದರೆ ಕೈಗೆ ಚೀಲ ಕಟ್ಟಿಕೊಂಡು ಸಾಬೂನು ನೀರಿನಿಂದ ತೊಳೆಯಬೇಕು.

2. ಉಪ್ಪುನೀರು, ಎಣ್ಣೆ, ಹಾಲು ಕುಡಿಸಬಾರದು. ಒದ್ದಾಡುವ ನಾಯಿಗೆ ಕುಡಿಸಿದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ.

3. ಇಲಿ ಪಾಷಾಣ ತಿಂದ ನಾಯಿ ವಾಂತಿ ಮಾಡಿದರೆ ಆ ಗಾಳಿ ಮನುಷ್ಯರಿಗೂ ಕೆಟ್ಟದ್ದು. ನಾಯಿಯನ್ನು ಬಯಲಿಗೆ ತರಬೇಕು.

4. ವಿಷದ ಪೊಟ್ಟಣ ಅಥವಾ ಡಬ್ಬಿಯ ಸಮೇತ ತಡಮಾಡದೆ ಹತ್ತಿರದ ಪಶು ಚಿಕಿತ್ಸಾಲಯಕ್ಕೆ ಒಯ್ಯಬೇಕು. ಹೆಸರು ತಿಳಿದರೆ ವೈದ್ಯರು ತಕ್ಕ ಔಷಧಿಯನ್ನು ಬೇಗ ಕೊಡಬಲ್ಲರು.

ನಾಯಿ ಮೂಸಿ ತಿನ್ನುವ ಎತ್ತರಕ್ಕೇ ಅಂಬೆಗಾಲಿಡುವ ಮಗುವಿನ ಕೈಯೂ ಎಟುಕುತ್ತದೆ. ನಾಯಿಗೆ ಸಿಗದಂತೆ ಮೇಲಿಟ್ಟ ವಿಷದ ಡಬ್ಬಿ ಆ ಮಗುವನ್ನೂ ಕಾಯುತ್ತದೆ ಎಂಬುದನ್ನು ರೈತ ಬಾಂಧವರು ಮರೆಯಬಾರದು.