ಕೊಡಗಿನ ಕೋವಿ ಮತ್ತು ಸೇನಾ ಪರಂಪರೆ

ಕೋವಿ ಇಟ್ಟುಕೊಳ್ಳಲು ಪರವಾನಗಿ ಬೇಕು ಎನ್ನುವುದು ಶಸ್ತ್ರಾಸ್ತ್ರ ಕಾಯ್ದೆ, 1959ರ ಸಾಮಾನ್ಯ ನಿಯಮ. ಅದೇ ಕಾಯ್ದೆಯ 41ನೇ ಕಲಮಿನಡಿ ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿ ಇದೆ. ಜಮ್ಮಾ ಎಂದರೆ ಅರಸರ ಕಾಲದಲ್ಲಿ ಸೈನಿಕ ಸೇವೆಗೆ ಪ್ರತಿಯಾಗಿ ದೊರೆತ ವಂಶಪಾರಂಪರ್ಯ ಭೂಮಿ. ಹಾಗಾಗಿ ಇಲ್ಲಿ ಗದ್ದೆ, ಕೋವಿ, ಸೇನೆ ಮೂರನ್ನೂ ಬಿಡಿಸಿ ಓದಲಾಗದು.

ವಿನಾಯಿತಿಯ ಮೂಲ 1861ರ ಬ್ರಿಟಿಷ್ ಆದೇಶ. ಅದನ್ನು ಹೊರಡಿಸಿದವರು ಆಗಿನ ಆಯುಕ್ತ ಮಾರ್ಕ್ ಕಬ್ಬನ್. 2019ರ ಅಧಿಸೂಚನೆ ವಿನಾಯಿತಿಯನ್ನು 2029ರವರೆಗೆ ವಿಸ್ತರಿಸಿತು. 2021ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆ ಅಧಿಸೂಚನೆಯನ್ನು ಎತ್ತಿಹಿಡಿಯಿತು.

ಕೋವಿಗೆ ಹಬ್ಬಗಳಲ್ಲೂ ಸ್ಥಾನವಿದೆ. ಕೊಡವರು ಸೆಪ್ಟೆಂಬರ್ ಆರಂಭದಲ್ಲಿ ಆಚರಿಸುವ ಕೈಲ್‌ಪೊಳ್ದ್ ಆಯುಧಪೂಜೆಯ ಹಬ್ಬ. ನಾಟಿ ಮುಗಿದಿರುತ್ತದೆ, ತೊಳೆದು ಒರೆಸಿದ ಕೋವಿಯನ್ನು ಕುಟುಂಬದ ಮೂಲಮನೆಯಾದ ಐನ್‌ಮನೆಯಲ್ಲಿಟ್ಟು, ನಳಿಗೆಯ ತುದಿಗೆ ಕೆಂಪು-ಹಳದಿಯ ತೋಕ್ ಪೂ (ಕೋವಿಯ ಹೂ) ಸಿಕ್ಕಿಸುತ್ತಾರೆ. ಸುಗ್ಗಿಯ ಹಬ್ಬವಾದ ಪುತ್ತರಿಯಲ್ಲಿ ಮೊದಲ ಕದಿರು ಕೊಯ್ಯುವಾಗ ಗುಂಡು ಹಾರುತ್ತದೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಿಗೆ ಎರಡು: ಊರಿಗೆ ಸುದ್ದಿ ಮುಟ್ಟಿಸುತ್ತಿದ್ದುದೇ ಹೀಗೆ.

ಇನ್ನು ಸೇನಾ ಪರಂಪರೆ. ಕೊಡಗಿನವರಾದ ಕೆ.ಎಂ. ಕಾರ್ಯಪ್ಪ 1949ರ ಜನವರಿ 15ರಂದು ಮೊದಲ ಭಾರತೀಯ ಮಹಾದಂಡನಾಯಕರಾದರು. ಸೇನಾ ದಿನ ಅದೇ. ಫೀಲ್ಡ್ ಮಾರ್ಷಲ್ ಪದವಿ ಬಂದದ್ದು 1986ರಲ್ಲಿ. ಕೊಡಗಿನವರೇ ಆದ ಕೆ.ಎಸ್. ತಿಮ್ಮಯ್ಯ 1957ರಿಂದ 1961ರವರೆಗೆ ಭೂಸೇನಾ ಮುಖ್ಯಸ್ಥರು. 1965ರಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆ ಮುನ್ನಡೆಸುತ್ತಿದ್ದಾಗಲೇ ನಿಧನರಾದರು. ಇಷ್ಟು ಪುಟ್ಟ ಜಿಲ್ಲೆ ಇಬ್ಬರು ಸೇನಾ ಮುಖ್ಯಸ್ಥರನ್ನು ಕೊಟ್ಟಿದ್ದು ನಿಜಕ್ಕೂ ಹೆಮ್ಮೆಯ ಸಂಗತಿ. ತಿಮ್ಮಯ್ಯನವರ ಮಡಿಕೇರಿಯ ಮನೆ ‘ಸನ್ನಿಸೈಡ್’ ಈಗ ವಸ್ತುಸಂಗ್ರಹಾಲಯ.